ನೀರು ಕೇಳುವ ವಾರ

ಸೈಕಲ್ಲಿನ ಹಳೇ ರಿಮ್ಮಿಗೆ ಸರ್ವೆ ಸೊಪ್ಪು ಸುತ್ತುತ್ತ ಚರ್ಚಿನ ಜಗಲಿಯ ಮೇಲೆ ಕೂತಿದ್ದ ಮರಿಯಪ್ಪನಿಗೆ ಬಾಯಾರಿಕೆಯಾಗಿ ಗಂಟೆಯೇ ಕಳೆದಿತ್ತು. ಎದ್ದು ಹತ್ತು ಹೆಜ್ಜೆ ಹಾಕಿದರೆ ನಲ್ಲಿ. ಏಳಲಿಲ್ಲ. ನೀರಿನ ಯೋಚನೆ ಬಂದರೆ ಸಾಕು, ಈ ವಾರವೆಲ್ಲ ಕೈಗೆ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದ. ನಾಳೆ ಆಗಮನ ಕಾಲದ ಮೊದಲ ಭಾನುವಾರ. ಕ್ರಿಸ್ತಜಯಂತಿಗೆ ಮನಸ್ಸನ್ನು ಗುಡಿಸಿ ಸಾರಿಸಿಕೊಳ್ಳುವ ನಾಲ್ಕು ವಾರ ನಾಳೆಯಿಂದ ಶುರು. ರಿಮ್ಮಿನ ಮೇಲೆ ನಾಲ್ಕು ಮೇಣದ ಬತ್ತಿ ನಿಲ್ಲಿಸಬೇಕು, ಮೂರು ನೇರಳೆ, ಒಂದು ಗುಲಾಬಿ, ವಾರಕ್ಕೊಂದು ಹಚ್ಚಬೇಕು. ಪೀಠಕ್ಕೆ ನೇರಳೆ ಬಟ್ಟೆ ಹೊದಿಸಬೇಕು. ನಾಲ್ಕು ಗಂಟೆಗೆ ಚಾಮರಾಜನಗರದಿಂದ ಫಾದರ್ ಬರುತ್ತಾರೆ, ಪಾಪನಿವೇದನೆ ಕೇಳುತ್ತಾರೆ. ಗಂಟೆ ಬಾರಿಸಿ, ಬಂದವರನ್ನು ಸಾಲಾಗಿ ಕೂರಿಸುವುದು ಉಪದೇಶಿಯ ಕೆಲಸ. ಇಪ್ಪತ್ತಾರು ವರ್ಷದಿಂದ ಈ ಚರ್ಚಿಗೆ ಮರಿಯಪ್ಪನೇ ಉಪದೇಶಿ. ಫಾದರ್ ಇಲ್ಲದ ದಿನ ಜಪ ಹೇಳಿಸುವವನು, ಮಕ್ಕಳಿಗೆ ಧರ್ಮಪಾಠ ಕಲಿಸುವವನು, ಕಂಠ ಚೆನ್ನಾಗಿಲ್ಲದಿದ್ದರೂ ಹಾಡು ಎತ್ತಿಕೊಡುವವನು. ಎಲ್ಲರ ಪಾಪವನ್ನೂ ಸಾಲು ಹಚ್ಚಿ ಒಳಗೆ ಕಳಿಸಿ, ಕೊನೆಯಲ್ಲಿ ತಾನೂ ಹೋಗಿ ಮೊಣಕಾಲೂರಿ, ಕೋಪ ಮಾಡಿಕೊಂಡೆ, ಹೆಂಡತಿಯನ್ನು ಬೈದೆ, ಜಪ ತಪ್ಪಿಸಿದೆ ಎಂದು ಚಿಲ್ಲರೆ ಪಾಪಗಳನ್ನು ಒಪ್ಪಿಸಿ ಎದ್ದು ಬರುವುದು ನಾಲ್ಕು ವರ್ಷದಿಂದ ನಡೆದಿತ್ತು. ದೊಡ್ಡದೊಂದು ಒಳಗೇ ಉಳಿದಿತ್ತು.

ಗುಂಡ್ಲುಪೇಟೆಯಿಂದ ಹಂಗಳದ ಕಡೆ ಹೋಗುವ ರಸ್ತೆ ಬದಿಯ ಈ ಚರ್ಚಿಗೆ ಸೇರಿದ ಅರವತ್ತು ಮನೆಯವರು, ಆಗಮನ ಕಾಲಕ್ಕೆ ಮುಂಚಿನ ವಾರವನ್ನು ನೀರು ಕೇಳುವ ವಾರ ಎಂದೇ ಕರೆಯುವುದು. ಹಿಂದೆ ಇದ್ದ ಒಬ್ಬ ಮುದಿ ಫಾದರ್ ಹಾಕಿಕೊಟ್ಟ ಪದ್ಧತಿ. ಕ್ಷಮಿಸಿ ಅನ್ನುವ ಮಾತು ಈ ಜನರ ಬಾಯಲ್ಲಿ ಹೊರಡುವುದಿಲ್ಲ ಎಂದು ಆತ ಕಂಡುಕೊಂಡಿದ್ದ. ಅದಕ್ಕೇ ಒಂದು ಉಪಾಯ ಮಾಡಿದ. ಯಾರಿಗೆ ತಪ್ಪು ಮಾಡಿದ್ದೀರೋ ಅವರ ಮನೆಯ ಮೆಟ್ಟಿಲ ಹತ್ತಿರ ನಿಂತು ಒಂದು ಲೋಟ ನೀರು ಕೊಡಿ ಅನ್ನಿ. ಏನು, ಎತ್ತ ಎಂದು ಬಿಡಿಸಿ ಹೇಳಬೇಕಿಲ್ಲ, ಇಬ್ಬರಿಗೂ ಗೊತ್ತಿರುತ್ತದೆ. ಅವರು ಕೊಟ್ಟರೆ, ನೀವು ಕುಡಿದರೆ, ಅಲ್ಲಿಗೆ ಮುಗಿಯಿತು. ಆಮೇಲೆ ಬಂದು ಪಾಪನಿವೇದನೆ ಮಾಡಿ. ಕೊಡಲು ಮನಸ್ಸಿಲ್ಲದವರು ಚೊಂಬು ತಂದು ಕವುಚಿ ಇಡಬಹುದು. ಇಷ್ಟು ವರ್ಷದಲ್ಲಿ ಕವುಚಿಟ್ಟವರು ಒಬ್ಬರೋ ಇಬ್ಬರೋ. ಈ ಅರವತ್ತು ಮನೆಯವರ ಅಜ್ಜಂದಿರೆಲ್ಲ ಗೌಡರ ಮನೆ ಮುಂದೆ ಬೊಗಸೆಯೊಡ್ಡಿ, ಮೇಲಿನಿಂದ ಸುರಿದ ನೀರು ಕುಡಿದವರು. ಲೋಟವೊಂದು ಕೈಯಿಂದ ಕೈಗೆ ಬಂದರೆ ಏನರ್ಥ ಎಂದು ಅವರ ಮೊಮ್ಮಕ್ಕಳಿಗೆ ಯಾರೂ ಪಾಠ ಮಾಡಬೇಕಿರಲಿಲ್ಲ. ಮರಿಯಪ್ಪನ ಹೆಸರೇ ಆ ಕಾಲದ್ದು: ಯೇಸುವಿನ ತಾಯಿ ಮರಿಯಮ್ಮನವರ ಹೆಸರಿಟ್ಟ ಹಾಗೂ ಆಯಿತು, ಊರವರ ಕಿವಿಗೆ ಬೇರೆಯಾಗಿ ಕೇಳದ ಹಾಗೂ ಆಯಿತು ಎಂದು ಅಜ್ಜ ಇಟ್ಟದ್ದು. ಹುಟ್ಟಿದ ದಿನದಿಂದಲೇ ಒಂದು ಮಾತು ಎರಡು ಕಡೆ ಸಲ್ಲುವ ಹಾಗೆ ಬದುಕಿದವನು ತಾನು ಎಂದು ಅವನಿಗೆ ಈಚೆಗೆ ಅನ್ನಿಸುತ್ತಿತ್ತು.

ಹೆಂಡತಿ ರಾಚಮ್ಮ ಒಗೆದು ಮಡಿಸಿದ ನೇರಳೆ ಬಟ್ಟೆ ತಂದು ಪಕ್ಕದಲ್ಲಿಟ್ಟಳು. ರಿಮ್ಮನ್ನು ನೋಡಿದಳು, ಅವನ ಮುಖ ನೋಡಿದಳು. "ಇದೇನು, ಬೆಳಗ್ಗಿಂದ ಅರ್ಧನೂ ಸುತ್ತಿಲ್ವಲ್ಲ? ಊರಿಗೆಲ್ಲ ನೀರು ಕೇಳಿ ನೀರು ಕೇಳಿ ಅಂತ ಸಾರ್ಕಂಡು ಬಂದ್ರಿ, ನೀವ್ ಯಾರ್ ಮನ್ಗೂ ಓಗ್ಲೇ ಇಲ್ಲ ಈ ಸಲ."

"ನಾನ್ ಯಾರ್ಗೇನ್ ಮಾಡಿದ್ದೀನಿ, ಓಗಕ್ಕೆ?"

"ಅಯ್, ಅದ್ಯಾಕಂಗೆ ಉರ್ದ್ ಬೀಳ್ತೀರಿ? ಸುಮ್ಕೆ ಕೇಳ್ದೆ ಕಣ," ಎಂದು ಅವಳು ಪೊರಕೆ ಹಿಡಿದು ಒಳಗೆ ಹೋದಳು.

ಹೆಂಡತಿಗೂ ಹೇಳಿರಲಿಲ್ಲ. ಮೊನ್ನೆ ಭಾನುವಾರ ಪೂಜೆ ಮುಗಿದ ಮೇಲೆ ಚಂದ್ರಮತಿ ಬಳಿಗೆ ಬಂದು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಈ ಮಗೂಗೆ ನೀವೇ ಜ್ಞಾನತಂದೆ ಆಗ್ಬೇಕು ಉಪದೇಶಿಯವ್ರೆ. ನಿಮ್ ಕೈ ನೀರು ನನ್ ಮೊದ್ಲ ಮಗೂನ ದೇವ್ರ ಹತ್ರ ಸೇರಿಸ್ತು. ಅದೊಂದ್ ಇಲ್ದಿದ್ರೆ ನಾನ್ ಬದುಕ್ತಾ ಇರ್ಲಿಲ್ಲ," ಅಂದಾಗ ಸುತ್ತ ನಿಂತವರೆಲ್ಲ ಅವನನ್ನು ನೋಡಿ ತಲೆಯಾಡಿಸಿದ್ದರು. ಅವನು ನಕ್ಕಿದ್ದ. ಆ ಮೊದಲ ಮಗುವಿನ ನೆತ್ತಿಗೆ ಅವನು ಜ್ಞಾನಸ್ನಾನದ ನೀರು ಹೊಯ್ದೇ ಇರಲಿಲ್ಲ. ಹೊಯ್ದೆ ಎಂದು ನಂಬಿಸಿದ್ದ. ಚರ್ಚಿನ ಹಿಂದಿನ ಗೋರಿಗಳ ನಡುವೆ ಮೇರಿ ಶ್ರುತಿ ಎಂದು ಹೆಸರು ಬರೆದ ಮೊಳದುದ್ದದ ಶಿಲುಬೆ ನಿಂತಿರುವುದು, ಅದಕ್ಕೆ ಪ್ರತಿ ಭಾನುವಾರ ಚೆಂಡುಹೂ ಬೀಳುವುದು, ರಿಜಿಸ್ಟರಿನಲ್ಲಿ ಆ ಹೆಸರಿನ ಮುಂದೆ ‘ತುರ್ತು, ಉಪದೇಶಿಯಿಂದ’ ಎಂದಿರುವುದು, ಎಲ್ಲ ಆ ಒಂದು ನಂಬಿಕೆಯ ಮೇಲೆ. ಈಗ ಎರಡನೇ ಮಗುವನ್ನೂ, ಜ್ಞಾನಸ್ನಾನದ ದಿನ ಎತ್ತಿಕೊಂಡು ನಿಲ್ಲಲಿ ಎಂದು, ತಂದು ಇದೇ ಕೈಗೆ ಕೊಡುತ್ತಾಳಂತೆ. ಇವತ್ತು ನಾಲ್ಕು ಗಂಟೆಯೊಳಗೆ ಹೋಗಿ ಅವಳಿಗೆ ಹೇಳಬೇಕು. ಹೇಳದೆ ಮತ್ತೊಂದು ವರ್ಷ ಆ ಸಾಲಿನ ಕೊನೆಯಲ್ಲಿ ಕೂರಲಾರೆ. ಹೇಳಿದರೆ ಅವಳು ಏನಾಗುತ್ತಾಳೋ, ಅದನ್ನು ಯೋಚಿಸಲಾರೆ. ಎದ್ದ, ರಿಮ್ಮನ್ನು ಗೋಡೆಗೆ ಒರಗಿಸಿ ಚಪ್ಪಲಿ ಮೆಟ್ಟಿಕೊಂಡ.

ಗಾಡಿ ತೆಗೆಯಲಿಲ್ಲ. ಗಾಡಿಯಲ್ಲಿ ಹೋದರೆ ಹತ್ತೇ ನಿಮಿಷ; ಅಷ್ಟು ಬೇಗ ತಲುಪಲು ಧೈರ್ಯವಿರಲಿಲ್ಲ. ನಾಲ್ಕು ವರ್ಷದ ಹಿಂದೆ, ಆ ಮಗು ತೀರಿಕೊಂಡ ದಿನ ಮಾತ್ರ ಗಾಡಿಯಲ್ಲೇ ಹೋಗಿದ್ದ, ಎಡಗೈಯಲ್ಲಿ ಮುಚ್ಚಳ ಬಿಗಿದ ನೀರಿನ ಚೊಂಬು ಹಿಡಿದು. ರಸ್ತೆಯ ಎರಡೂ ಕಡೆ ಕೊಯ್ಲು ಮುಗಿದ ಚೆಂಡುಹೂವಿನ ಹೊಲಗಳು, ಒಣಗಿದ ಗಿಡದ ಘಾಟು. ಕೇರಳದ ಲಾರಿಗಳು ಮೈಮೇಲೆ ಧೂಳು ಚೆಲ್ಲಿಕೊಂಡು ಹೋಗುತ್ತಿದ್ದವು. ಹಾದಿ. ಹಾದಿ. ನಡೆಯುತ್ತ ಆ ಮಾತನ್ನು ನಾಲಗೆಯ ಮೇಲೆ ಹೊರಳಿಸಿ ನೋಡಿದ. ನಾಲ್ಕು ವರ್ಷದಿಂದ ಹಾದಿ ಎಂದು ಸರಿಯಾಗಿ ಹೇಳುವುದನ್ನು ಒಬ್ಬನೇ ಇದ್ದಾಗ ಅಭ್ಯಾಸ ಮಾಡುತ್ತಿದ್ದ, ಐವತ್ತೆಂಟರ ಗಂಡಸು. ಆ ವರ್ಷ ಆಗಮನ ಕಾಲದ ಎರಡನೇ ಭಾನುವಾರದ ವಾಚನ ಅವನ ಪಾಲಿಗೆ ಬಂದಿತ್ತು, ದೇವರು ಬರುವ ಹಾದಿಯನ್ನು ನೆಟ್ಟಗೆ ಮಾಡಿ ಅನ್ನುವ ಭಾಗ. ಅವನ ಬಾಯಲ್ಲಿ ಹಾದಿ ಆದಿಯಾಯಿತು. ಮೂರು ಸಲ ಬರುತ್ತದೆ ಆ ಮಾತು; ಮೂರು ಸಲವೂ ಆದಿ. ಮೂರನೇ ಸಲಕ್ಕೆ ಹೆಂಗಸರ ಸಾಲಿನಿಂದ ಪಕ್ಕನೆ ಒಂದು ನಗು ಬಂತು. ಚಂದ್ರಮತಿ ಸೆರಗನ್ನು ಬಾಯಿಗೊತ್ತಿಕೊಂಡಿದ್ದಳು, ತುಂಬಿದ ಬಸುರಿ, ನಗು ತಡೆಯಲಾರದೆ ಮೈಯೆಲ್ಲ ಕುಲುಕುತ್ತಿತ್ತು. ಬೇರೆ ಯಾರಾದರೂ ನಕ್ಕಿದ್ದರೆ ಮರೆಯುತ್ತಿದ್ದನೇನೋ. ಅವಳು ಸಂತೆಮರಹಳ್ಳಿಯ ಲಿಂಗ ಕಟ್ಟುವ ಜಮೀನುದಾರರ ಮನೆಯ ಹುಡುಗಿ. ಇಲ್ಲಿಯ ಕಿರಣ್ ಕುಮಾರನನ್ನು ಮೆಚ್ಚಿ ಮದುವೆಯಾಗಿ, ತವರಿನವರು ಬಾಗಿಲು ಹಾಕಿದ ಮೇಲೆ ಜ್ಞಾನಸ್ನಾನ ಪಡೆದವಳು. ಸ್ಕೂಲಿನಲ್ಲಿ ಕನ್ನಡ ಟೀಚರು. ಎಲ್ಲ ಬಿಟ್ಟು ಬಂದರೂ ಇವಳು ಆ ನಗುವನ್ನು ಮಾತ್ರ ಗಂಟು ಕಟ್ಟಿಕೊಂಡು ಬಂದಿದ್ದಾಳೆ ಅನ್ನಿಸಿತ್ತು ಮರಿಯಪ್ಪನಿಗೆ. ಅಜ್ಜನ ಬೊಗಸೆಗೆ ನೀರು ಸುರಿದವರೂ ಹೀಗೇ ನಕ್ಕಿರಬೇಕು. ಓದು ಮುಗಿಸಿ ಕೂತಾಗ ಕಿವಿ ಬಿಸಿಯಾಗಿತ್ತು, ಪರಮಪ್ರಸಾದ ನಾಲಗೆಯ ಮೇಲೆ ಕರಗಿದರೂ ಆ ಬಿಸಿ ಇಳಿಯಲಿಲ್ಲ.

ಅದೇ ಬುಧವಾರ ಅವಳಿಗೆ ಹೆರಿಗೆಯಾಯಿತು, ಹೆಣ್ಣು ಮಗು. ಶನಿವಾರ ಆಸ್ಪತ್ರೆಯಿಂದ ಮನೆಗೆ ಬಂದರು. ಮಂಗಳವಾರ ಮಧ್ಯಾಹ್ನ ಮರಿಯಪ್ಪ ಏಣಿ ಹತ್ತಿ ಚರ್ಚಿನ ಮುಂದೆ ಕಾಗದದ ನಕ್ಷತ್ರ ಕಟ್ಟುತ್ತಿದ್ದಾಗ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ತೆಗೆದು ನೋಡಿದ. ಚಂದ್ರಮತಿ ಟೀಚರ್ ಎಂದಿತ್ತು. ಹೊಡೆದುಕೊಳ್ಳಲಿ ಅಂದುಕೊಂಡ. ನಿಂತಿತು, ಮತ್ತೆ ಹೊಡೆದುಕೊಂಡಿತು. ಹೊಡೆದುಕೊಳ್ಳಲಿ, ಓದು ಬಾರದವನ ಹತ್ತಿರ ಟೀಚರಿಗೇನು ಕೆಲಸ. ಮೂರನೇ ಸಲವೂ ಬಿಟ್ಟ. ಬಿಡುವಾಗ ಒಂದು ಬಗೆಯ ಸಂತೋಷವೂ ಆಗಿತ್ತು. ಆಗಲಿಲ್ಲ ಎಂದು ಯಾರಿಗೆ ಹೇಳಿದರೂ ಆವತ್ತು ಏಣಿಯ ಮೇಲೆ ನಿಂತಿದ್ದ ಮರಿಯಪ್ಪ ಒಪ್ಪುವುದಿಲ್ಲ. ನಾಲ್ಕನೆಯದನ್ನು ಎತ್ತಿದರೆ ಅವಳು ಅರಚುತ್ತಿದ್ದಳು. ಮಗು ಉಸಿರಿಗೆ ಒದ್ದಾಡುತ್ತಿದೆ, ಗಂಡ ತರಕಾರಿ ಲೋಡು ತೆಗೆದುಕೊಂಡು ಕೇರಳಕ್ಕೆ ಹೋಗಿದ್ದಾನೆ, ಆಂಬುಲೆನ್ಸು ಇನ್ನೂ ಬಂದಿಲ್ಲ, ಫಾದರ್ ದೂರ, ನೀವಾದರೂ ಬಂದು ಒಂದು ತೊಟ್ಟು ನೀರು ಹೊಯ್ದುಬಿಡಿ, ಹೆಸರಿಲ್ಲದ ಮಗುವಾಗಿ ಹೋಗಬಾರದು. ಬಂದೆ ಅಂದ. ಅಂದು, ನಕ್ಷತ್ರದ ಕೊನೆಯ ಗಂಟು ಕಟ್ಟಿಯೇ ಏಣಿ ಇಳಿದ. ಆ ಗಂಟು ಎಷ್ಟು ಹೊತ್ತು ಹಿಡಿಯಿತು? ಎರಡು ನಿಮಿಷ, ಮೂರು. ನಾಲ್ಕು ವರ್ಷದಿಂದ ಅವನ ಬೆರಳುಗಳು ಆ ಗಂಟನ್ನು ಬಿಚ್ಚುತ್ತಲೇ ಇದ್ದವು.

ಅವನು ಹೋದಾಗ ಚಂದ್ರಮತಿ ಗಾಡಿಗಳಿಗೆ ಕೈ ಅಡ್ಡ ಹಾಕುತ್ತ ರಸ್ತೆಯಲ್ಲಿದ್ದಳು. ಒಳಗೆ ಅವಳ ಅತ್ತೆ ಮರಿತಾಯಮ್ಮ, ಪೊರೆ ಬಂದು ಕಣ್ಣು ಮಂಜಾದ ಮುದುಕಿ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಮಣಮಣ ಜಪ ಹೇಳುತ್ತಿದ್ದಳು. ಮೂಗಿನ ಹತ್ತಿರ ಬೆರಳು ಹಿಡಿದ. ಎದೆಯ ಮೇಲೆ ಕೈಯಿಟ್ಟ. ಉಸಿರಿರಲಿಲ್ಲ, ಮೈ ಇನ್ನೂ ಬೆಚ್ಚಗಿತ್ತು. ಸತ್ತವರಿಗೆ ಹೊಯ್ಯುವಂತಿಲ್ಲ, ಜೀವವಿದೆಯೋ ಎಂಬ ಸಂದೇಹವಿದ್ದರೆ ಹೊಯ್ಯಬಹುದು ಎಂದು ಉಪದೇಶಿಯಾದವನಿಗೆ ಗೊತ್ತಿರುವುದೇ. ಆದರೆ ಕೈ ಏಳಲಿಲ್ಲ, ನೂರು ಸಲ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಪಿತ, ಸುತ, ಪವಿತ್ರಾತ್ಮ ಅನ್ನುವ ಮೂರು ಮಾತು ಹೊರಡಲಿಲ್ಲ. ಅಷ್ಟರಲ್ಲಿ ಮುದುಕಿ ಜಪ ನಿಲ್ಲಿಸಿ, ಕಾಣದ ಕಣ್ಣನ್ನು ಅವನ ಕಡೆ ಎತ್ತಿ, "ಆಯ್ತಾ ಮರಿಯಪ್ಪ?" ಅಂದಳು. "ಆಯ್ತು," ಅಂದ. ಮಗು ಮುಗಿಯಿತು ಎಂದೇ ಅವನು ಹೇಳಿದ್ದು. ಬೇಕಾದರೆ ಆಣೆ ಮಾಡುತ್ತಾನೆ. ಮುದುಕಿಗೆ ಕೇಳಿಸಿದ್ದು ನೀರು ಬಿತ್ತು ಎಂದು. "ಯೇಸಪ್ಪಾ, ಉಳಿಸ್ದೆ ಕಣಪ್ಪಾ ನಮ್ ಮಗೀನ," ಎಂದು ಅವಳು ಗೋಡೆಗೊರಗಿದಳು. ಅಲ್ಲ ಅಜ್ಜಿ ಎಂದು ಬಾಯಿ ತೆಗೆಯುವ ಹೊತ್ತಿಗೆ ಅಂಗಳದಲ್ಲಿ ಚಂದ್ರಮತಿಯ ಹೆಜ್ಜೆ ಸದ್ದು. ಇಷ್ಟಕ್ಕೇ ನಿಂತಿದ್ದರೆ ಒಂದು ಮಾತು ತಪ್ಪಿ ಕೇಳಿಸಿತು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು, ಎಷ್ಟೋ ರಾತ್ರಿ ಮಾಡಿಕೊಂಡದ್ದೂ ಉಂಟು. ಆದರೆ ಆ ಸದ್ದು ಕೇಳಿದ್ದೇ ಅವನು ಚೊಂಬಿನ ಮುಚ್ಚಳ ತೆಗೆದು, ಬೆರಳದ್ದಿ, ಒಂದು ಮಾತೂ ಆಡದೆ, ಮಗುವಿನ ನೆತ್ತಿಯ ಕೂದಲನ್ನು ಒದ್ದೆ ಮಾಡಿದ. ತಾಯಿ ಮುಟ್ಟಿ ನೋಡುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಅವಳು ಮುಟ್ಟಿಯೂ ನೋಡಿದಳು.

ಆಮೇಲೆ ಮೂರು ವರ್ಷ ನೀರು ಕೇಳುವ ವಾರದಲ್ಲಿ ಏನಾದರೂ ನೆಪ ಮಾಡಿಕೊಂಡು ಅವಳ ಮನೆಗೆ ಹೋಗಿ, ಅಬ್ಬಾ ಏನು ಬಿಸಿಲು ಎಂದು, ನೀರು ಕುಡಿದು ಬಂದಿದ್ದ. ಅವಳು ಕೊಟ್ಟಳು, ತಾನು ಕುಡಿದೆ, ಲೆಕ್ಕಕ್ಕೆ ಸರಿಹೋಯಿತು ಎಂದು. ತಪ್ಪೇನೆಂದೇ ಗೊತ್ತಿಲ್ಲದವಳ ಕೈಯಿಂದ ಕುಡಿದದ್ದು ಕದ್ದ ನೀರು. ಒಂದು ಸಲವೂ ಅದು ಗಂಟಲ ಕೆಳಗೆ ತಂಪಾಗಿ ಇಳಿಯಲಿಲ್ಲ. ಈಗ ಅವಳ ಮನೆ ಕಾಣಿಸಿತು. ಕಾಲು ಹಿಂದಕ್ಕೆ ಎಳೆಯಿತು. ಫಾದರ್ ಬರುವ ಹೊತ್ತಾಯಿತು, ಪೀಠದ ಬಟ್ಟೆ ಹೊದಿಸಿಲ್ಲ, ವಾಪಸು ಹೋಗಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಜಗಲಿಯ ಮೇಲೆ ಮಕ್ಕಳ ಪರೀಕ್ಷೆ ಪೇಪರು ಹರಡಿಕೊಂಡು ಕೂತಿದ್ದ ಚಂದ್ರಮತಿ ತಲೆಯೆತ್ತಿ ನೋಡಿದಳು.

"ಬನ್ನಿ ಉಪದೇಶಿಯವ್ರೆ! ಇದೇನು, ನಡ್ಕೊಂಡೇ ಬಂದ್ರಾ? ಗಾಡಿ ಕೆಟ್ಟೋಯ್ತಾ?"

ಮರಿಯಪ್ಪ ಮೆಟ್ಟಿಲು ಹತ್ತಲಿಲ್ಲ. ಕೆಳಗೇ ನಿಂತ. "ಒಂದ್ ಲೋಟ ನೀರು ಕೊಡವ್ವ," ಅಂದ.

ಅವಳ ಕೈಯಲ್ಲಿದ್ದ ಕೆಂಪು ಪೆನ್ನು ನಿಂತಿತು. ಅವನು ನಿಂತ ಜಾಗ ನೋಡಿದಳು, ಜೋಡಿಸಿಕೊಂಡಿದ್ದ ಕೈ ನೋಡಿದಳು. ಏಳು ತಿಂಗಳ ಹೊಟ್ಟೆಯನ್ನು ಹಿಡಿದುಕೊಂಡು ಎದ್ದು ಒಳಗೆ ಹೋಗಿ ತುಂಬಿದ ಚೊಂಬು ತಂದಳು. ಲೋಟ ತರಲಿಲ್ಲ. ಚೊಂಬನ್ನು ಅವನ ಕೈಗೆ ಕೊಟ್ಟು, ಮೆಟ್ಟಿಲ ಮೇಲೆ ಕಷ್ಟಪಟ್ಟು ಕೂತು, ಎರಡೂ ಕೈ ಸೇರಿಸಿ ಬೊಗಸೆಯೊಡ್ಡಿದಳು.

"ಕೇಳ್ಬೇಕಾದೋಳು ನಾನು. ನಾನೇ ನಿಮ್ಮನೆ ಬಾಗ್ಲಿಗೆ ಬರ್ಬೇಕು ಅಂತ ನಾಲ್ಕು ವರ್ಷದಿಂದ ಅನ್ಕೊತಾ ಇದ್ದೀನಿ, ನಾಚಿಕೆ ಆಗಿ ಬರ್ಲಿಲ್ಲ. ಅವತ್ತು ಚರ್ಚಲ್ಲಿ ನಿಮ್ಮನ್ನ ನೋಡಿ ನಕ್ಬುಟ್ನಲ್ಲ. ನಮ್ಮಪ್ಪನ ಮನೇಲಿ ಆಳು ಮಕ್ಳು ಮಾತಾಡಿದ್ರೆ ನಗ್ತಿದ್ವಿ, ಅದೇ ನಗು. ಮಗೂಗೆ ಹಂಗಾದಾಗ ಮೂರು ಸಲ ಫೋನ್ ಮಾಡ್ದೆ, ನೀವ್ ಎತ್ಲಿಲ್ಲ. ನನ್ ನಗೂಗೆ ದೇವ್ರು ಶಿಕ್ಷೆ ಕೊಟ್ಟ, ಇವ್ರು ಬರಲ್ಲ ಅನ್ಕೊಂಡೆ. ನೀವ್ ಅದೇನೂ ಮನಸ್ಸಲ್ಲಿ ಇಟ್ಕೊಳ್ದೆ ಓಡ್ ಬಂದ್ರಿ. ಹುಯ್ಯಿ ಉಪದೇಶಿಯವ್ರೆ."

ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಈ ಮನೆಯಲ್ಲಿ ಬೇಕಾದ ಮಾತು ಬೇಕಾದ ಹೊತ್ತಿಗೆ ಅವನ ಬಾಯಿಗೆ ಎಂದೂ ಬಂದಿರಲಿಲ್ಲ. ಚೊಂಬು ಬಗ್ಗಿಸಿದ. ನೀರು ಅವಳ ಬೊಗಸೆಗೆ ಬಿದ್ದು, ತುಂಬಿ, ಮೊಣಕೈಯಿಂದ ಇಳಿದು ಹೊಟ್ಟೆಯ ಮೇಲಿನ ಸೀರೆಯನ್ನು ನೆನೆಸಿತು. ಆವತ್ತು ಹೊಯ್ಯದೆ ಇದ್ದ ಕೈ ಇದು, ಈಗ ಎಷ್ಟು ಸಲೀಸಾಗಿ ಹೊಯ್ಯುತ್ತಿದೆ. ಅವಳು ಕುಡಿದಳು. ಮುಖವೆತ್ತಿ, ಗಲ್ಲದಿಂದ ನೀರು ತೊಟ್ಟಿಕ್ಕುತ್ತಿರುವಂತೆಯೇ ನಕ್ಕು, "ಆಯ್ತಾ?" ಅಂದಳು.

ಆಯ್ತು ಅನ್ನುವ ಮಾತು ನಾಲಗೆಯ ತುದಿಗೆ ತಾನಾಗಿ ಬಂದು ನಿಂತಿತು. ಅದೊಂದನ್ನು ಅಂದರೆ ಸಾಕಿತ್ತು. ಅವಳು ಹಗುರಾಗುತ್ತಿದ್ದಳು, ಅವನು ಹೋಗಿ ಗಂಟೆ ಬಾರಿಸುತ್ತಿದ್ದ, ಹುಟ್ಟಲಿರುವ ಮಗುವನ್ನು ಎತ್ತಿಕೊಂಡು ಜ್ಞಾನತಂದೆಯಾಗಿ ನಿಲ್ಲುತ್ತಿದ್ದ, ಸಾಯುವ ತನಕ.

"ಆಗಿಲ್ಲ," ಅಂದ. "ಆಗಿಲ್ಲ ಕಣವ್ವ. ಅವತ್ತೂ ಆಗಿರ್ನಿಲ್ಲ. ನಾನು ನಿನ್ ಮಗೀಗೆ ನೀರು ಉಯ್ಲಿಲ್ಲ."

ಚಂದ್ರಮತಿಯ ಮುಖದ ಮೇಲೆ ನಗು ಇನ್ನೂ ಸ್ವಲ್ಪ ಉಳಿದಿತ್ತು. ಅವನು ನಿಲ್ಲಿಸದೆ ಹೇಳಿದ: ಏಣಿ, ಫೋನು, ಬೇಕೆಂದೇ ಬಿಟ್ಟ ಮೂರು ಸಲ, ನಕ್ಷತ್ರದ ಗಂಟು, ಉಸಿರಿಲ್ಲದ ಮೂಗು, ಮುದುಕಿ ಕೇಳಿದ್ದು, ತಾನು ಅಂದದ್ದು. ಹೇಳುತ್ತ ಹೋದ ಹಾಗೆ ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ತನ್ನ ಭಾರವನ್ನು ಇಳಿಸಲು ಬಸುರಿಯ ತಲೆಯೇ ಬೇಕಾಯಿತೇ ನಿನಗೆ ಎಂದು ಒಳಗಿನಿಂದ ಒಂದು ದನಿ ಕೇಳುತ್ತಿತ್ತು.

ಅವಳು ಒದ್ದೆ ಅಂಗೈಗಳನ್ನು ನೋಡಿಕೊಂಡಳು. "ನೆತ್ತಿ ಒದ್ದೆ ಇತ್ತು," ಅಂದಳು. "ನಾನ್ ಮುಟ್ಟಿ ನೋಡ್ದೆ."

"ಒದ್ದೆ ಮಾಡ್ದೋನು ನಾನೇ. ನಿನ್ ಎಜ್ಜೆ ಸದ್ ಕೇಳಿ ಮಾಡ್ದೆ. ಆ ಮೂರ್ ಮಾತು ಏಳ್ನಿಲ್ಲ."

"ನೀವ್ ಬಂದಾಗ ಮೈ ಬೆಚ್ಚಗಿತ್ತಾ?"

ಸುಳ್ಳು ಹೇಳಬಹುದಿತ್ತು. ಎಲ್ಲ ಸುಳ್ಳುಗಳಲ್ಲಿ ಇದೊಂದಕ್ಕೆ ದೇವರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದನೋ ಏನೋ. "ಬೆಚ್ಗಿತ್ತು," ಅಂದ.

ಅವಳ ಬಾಯಿಂದ ಒಂದು ಸದ್ದು ಬಂತು, ಅಳುವಲ್ಲ, ಚುಚ್ಚಿದಾಗ ಬರುವಂಥದ್ದು. ಸೀರೆಯ ಒದ್ದೆಯಾದ ಭಾಗವನ್ನು ಮುಷ್ಟಿಯಲ್ಲಿ ಹಿಡಿದು ಎದ್ದಳು. ಅವನ ಕೈಯಿಂದ ಚೊಂಬು ತೆಗೆದುಕೊಂಡಳು. ಅದರಲ್ಲಿ ಉಳಿದಿದ್ದ ನೀರನ್ನು ಅಂಗಳಕ್ಕೆ ಚೆಲ್ಲಿ, ಬಗ್ಗಲು ಕಷ್ಟವಾದರೂ ಬಗ್ಗಿ, ಮೆಟ್ಟಿಲ ಮೇಲೆ, ಅವನ ಕಾಲಿನ ಮುಂದೆ, ಚೊಂಬನ್ನು ಕವುಚಿ ಇಟ್ಟಳು. "ಓಗಿ," ಅಂದಳು. ಹಾದಿಯನ್ನು ಆದಿ ಅಂದದ್ದಕ್ಕೆ ನಕ್ಕಿದ್ದ ಟೀಚರ ಬಾಯಲ್ಲಿ ಆ ಮಾತು ಹಾಗೇ ಬಂತು. "ಓಗಿ ಉಪದೇಶಿಯವ್ರೆ. ನನ್ ಮಗೂನ ಇನ್ ಮುಟ್ಬ್ಯಾಡಿ."

ಅವನು ತಿರುಗಿದ. ಆಗ ಒಳಗಿನಿಂದ ಮರಿತಾಯಮ್ಮನ ದನಿ ಬಂತು. ಈಗ ಅವಳಿಗೆ ಕಣ್ಣು ಪೂರಾ ಹೋಗಿತ್ತು; ಹಾಸಿಗೆಯ ಮೇಲೆ ಕೂತು ಜಪಸರ ಎಣಿಸುವುದೊಂದೇ ಕೆಲಸ, ಎಣಿಸುತ್ತ ಮೊಮ್ಮಗಳು ದೇವರ ಹತ್ತಿರ ಆಡಿಕೊಂಡಿರುವುದನ್ನು ಕಾಣುವುದೊಂದೇ ಸುಖ.

"ಯಾರವ್ವ ಬಂದಿರಾದು? ನಮ್ ಮರಿಯಪ್ಪನ ದನಿ ಕೇಳ್ದಂಗಾಯ್ತಲ್ಲ? ನೀರು ಕೇಳಕ್ ಬಂದಿದ್ನಾ? ಕೊಟ್ಯಾ? ಆಯ್ತಾ?"

ಮರಿಯಪ್ಪ ನಿಂತ. ಚಂದ್ರಮತಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದಳು. ಒಳಗಿನ ಕತ್ತಲೆಯನ್ನು ನೋಡಿದಳು, ಕವುಚಿದ ಚೊಂಬನ್ನು ನೋಡಿದಳು, ಕೊನೆಗೆ ಅವನನ್ನು ನೋಡಿದಳು. ಮುದುಕಿ ಮತ್ತೊಮ್ಮೆ ಕೇಳಿದಳು.

"ಆಯ್ತು ಅತ್ತೆ," ಅಂದಳು ಚಂದ್ರಮತಿ.